ನೀರಿನ ಮಡಕೆಯಲ್ಲಿಟ್ಟ ಎಣ್ಣೆ ಮದ್ದು

ಎಲ್ಲಿಂದ ಶುರು ಮಾಡಲಿ? ಬೋಡಿಮೆಟ್ಟು ಬೆಟ್ಟದ ಮಂಜಿನಿಂದಲೇ? ಮೊದಲ ಡ್ರಾಫ್ಟ್‌ನಲ್ಲಿ ಮಂಜು, ಏಲಕ್ಕಿ, ಗೂಡಲೂರಿನ ದ್ರಾಕ್ಷಿ ತೋಟ ಎಲ್ಲವನ್ನೂ ತುರುಕಿ ಒಂದು ಪುಟ ಬರೆದೆ. ಅಷ್ಟೂ ಹೊತ್ತು ನನ್ನ ಕಥಾನಾಯಕಿ ಪಾಂಡೀಶ್ವರಿ ಕಂಬಂ ಪೇಟೆಯ ಒಂದು ಕ್ಲಿನಿಕ್ಕಿನ ರೆಕ್ಸಿನ್ ಮಂಚದ ಮೇಲೆ ಹಲ್ಲು ಕಚ್ಚಿಕೊಂಡು ಬೋರಲು ಮಲಗಿದ್ದಳು.

"ಕತೆ ಬರೆಯೋ ಅಣ್ಣಾ, ಬೆಟ್ಟ ಆಮ್ಯಾಕೆ ನೋಡ್ಕ. ಮೊದ್ಲು ನನ್ನ ಎಬ್ಬಿಸು," ಅಂದಳು.

ಪುಟ ಹರಿದು ಹಾಕಿದೆ.

೧. ಸರಿ, ನೇರವಾಗಿ ಹೇಳುತ್ತೇನೆ. ೧೯೯೮ನೇ ಇಸವಿ. ಕಂಬಂ ಪಕ್ಕದ ಗೂಡಲೂರಿನ ಪಾಂಡೀಶ್ವರಿಗೆ ಎರಡು ಬಸಿರು ನಿಲ್ಲಲಿಲ್ಲ. ಮೂರನೆಯದಾದರೂ ನಿಲ್ಲಲೆಂದು ಡಾಕ್ಟರು ಹಾರ್ಮೋನ್ ಇಂಜೆಕ್ಷನ್ ಬರೆದುಕೊಟ್ಟರು. ಎಣ್ಣೆಯಲ್ಲಿ ಕಲಸಿದ ಮಂದ ಮದ್ದು, ದಪ್ಪ ಸೂಜಿ, ದಿನ ಬಿಟ್ಟು ದಿನ. ಚುಚ್ಚಿದ ಕಡೆಯೆಲ್ಲ ಗಂಟುಗಟ್ಟಿ, ಕೂತರೂ ನೋವು, ಎದ್ದರೂ ನೋವು. ಇನ್ನೊಂದು ಚುಚ್ಚಿಸಿಕೊಳ್ಳಲು ಆಗುವುದಿಲ್ಲ. ಬಿಟ್ಟರೆ ಈ ಕೂಸೂ ಹೋದೀತೆಂಬ ಭಯ. (ಇಷ್ಟೇ ಕಥೆ. ಉಳಿದದ್ದೆಲ್ಲ ನನ್ನ ಶೋಕಿ.)

೨. "ಕೊಂಜಂ ಪೊರುತ್ತುಕ್ಕುಂಗಕ್ಕಾ," ಸ್ವಲ್ಪ ಸಹಿಸಿಕೊಳ್ಳಿ ಅಕ್ಕಾ, ಎಂದು ನರ್ಸ್ ತೇನ್‌ಮೊಳಿ ತಮಿಳಿನಲ್ಲಿ ಹೇಳುತ್ತಾಳೆ. ಹೊರಗೆ ಕ್ಯೂ ಇದೆ, ಅದಕ್ಕೇ ಒಂದೇ ಏಟಿಗೆ ತಳ್ಳುತ್ತಾಳೆ. ಸೂಜಿಗೇ ಅಳುವವಳು ಹೆರುವುದು ಹೇಗೆ ಎಂದು ಡಾಕ್ಟರು ನಗುತ್ತಾರೆ. ನಾನಾದರೂ ಕಡಿಮೆಯೇ? ಎರಡನೇ ಡ್ರಾಫ್ಟ್‌ನಲ್ಲಿ ಅವಳನ್ನು 'ಸಹನೆಯ ಮೂರ್ತಿ' ಎಂದು ಬರೆದಿದ್ದೆ.

"ಅದನ್ನ ಒಡೆದಾಕು. ನೀನು ಬಂದು ಮಲಗು, ಮೂರ್ತಿ ಆಗು!"

ಒಡೆದು ಹಾಕಿದೆ.

ಈಗ ಮಡಕೆಯ ವಿಷಯಕ್ಕೆ ಬರುತ್ತೇನೆ. ಅತ್ತೆ ಮೂಕಮ್ಮಾಳ್ ಕೆಟ್ಟವಳಲ್ಲ. (ಕೆಟ್ಟ ಅತ್ತೆ ಸಿಕ್ಕಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು!) ಆ ಮನೆಯಲ್ಲಿ ಸೂಡು ಎಂದರೆ ಮೈಕಾವು, ಬಸಿರಿನ ಶತ್ರು. ಪಪ್ಪಾಯ ಇಲ್ಲ, ಎಳ್ಳಿಲ್ಲ, ಬಿಸಿನೀರಿನ ಸ್ನಾನವಿಲ್ಲ. ಹಾಗಾಗಿ ಮದ್ದಿನ ಗಾಜಿನ ಕೊಳವೆಗಳನ್ನೂ ಲೋಟದಲ್ಲಿಟ್ಟು ಮಣ್ಣಿನ ಮಡಕೆಯ ತಣ್ಣೀರಿಗೆ ಇಳಿಬಿಟ್ಟಿದ್ದಳು. ಅಲ್ಲಿಂದ ಒದ್ದೆ ಬಟ್ಟೆ ಸುತ್ತಿ ಸೀದಾ ಕ್ಲಿನಿಕ್ಕಿಗೆ. ಮೊದಲೇ ಮಂದವಾದ ಎಣ್ಣೆ ಇನ್ನಷ್ಟು ಮಂದವಾಗಿ ಮೈಯೊಳಗೆ ಇಳಿಯುವುದಕ್ಕೇ ಒಲ್ಲೆನ್ನುತ್ತಿತ್ತು.

ಪಾಂಡೀಶ್ವರಿಯ ತವರು ಬೋಡಿಮೆಟ್ಟು. (ನೋಡಿದಿರಾ, ಮಂಜು ಕೆಲಸಕ್ಕೆ ಬಂತು.) ಅಲ್ಲಿ ಮಾರ್ಗಳಿ ತಿಂಗಳ ಚಳಿಗೆ ತೆಂಗಿನೆಣ್ಣೆ ಗಟ್ಟಿಯಾದರೆ ಅವ್ವ ಶೀಶೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕರಗಿಸಿ, ಆಮೇಲೆ ಮಗಳ ತಲೆ ಬಾಚುತ್ತಿದ್ದಳು. ಒಂದು ಬೆಳಿಗ್ಗೆ ಮಡಕೆಯಿಂದ ಮದ್ದು ತೆಗೆಯುವಾಗ ಅದು ನೆನಪಾಗಿ ಅವಳ ಸಿಟ್ಟು ನೆತ್ತಿಗೇರಿತು. ತಲೆಗೆ ಹಚ್ಚುವ ಎಣ್ಣೆಗೆ ಇಷ್ಟು ಉಪಚಾರ, ಅವಳ ಮಾಂಸಕ್ಕೆ ಚುಚ್ಚುವ ಎಣ್ಣೆಗೆ ತಣ್ಣೀರು! ಕೊಳವೆಯನ್ನು ಒರೆಸಿ ಕಂಕುಳಿಗೆ ಸೇರಿಸಿದಳು.

"ಅಯ್ಯೋ, ಸೂಡು ಆಯ್ತದೆ ಕಣಮ್ಮಾ!" ಮೂಕಮ್ಮಾಳ್ ಓಡಿ ಬಂದಳು.

"ನನ್ನ ಮೈ ಸೂಡ್ನಾಗೇ ಕೂಸು ಐತಲ್ಲ ಅತ್ತೆ. ಮದ್ದು ಇದ್ರೆ ಏನಾಯ್ತದೆ?"

ಮೂಕಮ್ಮಾಳ್ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು.

೩. ಕ್ಲಿನಿಕ್ಕಿನಲ್ಲಿ ಪಾಂಡೀಶ್ವರಿ ಮಾಂಸ ಬಿಗಿಯದಂತೆ ಕಾಲ್ಬೆರಳುಗಳನ್ನು ಒಳಕ್ಕೆ ತಿರುಗಿಸಿ, ಸೊಂಟ ಸಡಿಲ ಬಿಟ್ಟು ಮಲಗಿದಳು. "ಮೆಲ್ಲ ತಳ್ಳು ತಾಯೀ. ಕ್ಯೂ ಕಾಯ್ಲಿ." ತೇನ್‌ಮೊಳಿ ಗೊಣಗಿದಳು, ಆದರೆ ಮೆಲ್ಲನೆ ತಳ್ಳಿದಳು. ಬೆಚ್ಚಗಿನ ಎಣ್ಣೆ ತಕರಾರಿಲ್ಲದೆ ಇಳಿಯಿತು. ನೋವು ಹೋಗಲಿಲ್ಲ, ಆದರೆ ಬಸ್ಸಿನಲ್ಲಿ ಕೂತು ಊರಿಗೆ ಬರುವಷ್ಟಕ್ಕೆ ಇಳಿಯಿತು. ಇಷ್ಟು ದಿನ ಸುಮ್ಮನೆ ತಿಂದ ನೋವಿಗೆ ಯಾರು ಜವಾಬು ಹೇಳುತ್ತಾರೆ?

ಇನ್ನು ಕ್ಲೈಮ್ಯಾಕ್ಸ್. ಒಂದು ಮುಕ್ತಾಯದಲ್ಲಿ ತೊಟ್ಟಿಲಿದೆ, ಇನ್ನೊಂದರಲ್ಲಿ ಇಲ್ಲ. ನಿಮಗೆ ಯಾವುದು ಬೇಕು? ಕೂಸು ಉಳಿಯಿತಾ ಎಂದು ಕೇಳಲು ನೀವು ಬಾಯಿ ತೆರೆದಿರಿ, ನಾನು ಪೆನ್ನು ಎತ್ತಿದೆ.

"ಎಲ್ರೂ ಕೂಸನ್ನೇ ಕೇಳ್ತೀರಿ," ಪಾಂಡೀಶ್ವರಿ ಮಂಚದಿಂದ ಎದ್ದೇ ಬಿಟ್ಟಳು. "ಡಾಕ್ಟ್ರು, ಅತ್ತೆ, ಈಗ ನೀವು. ನೋವು ಹೆಂಗೈತೆ ಅಂತ ಒಬ್ರಾದ್ರೂ ಕೇಳಿದ್ರಾ?"

ಎರಡೂ ಮುಕ್ತಾಯಗಳನ್ನು ಹೊಡೆದು ಹಾಕಿದೆ.

"ನೋವು ಹೆಂಗೈತಮ್ಮಾ?" ಎಂದೆ.

ಅವಳು ಸೊಂಟ ಮುಟ್ಟಿ ನೋಡಿಕೊಂಡಳು. "ಇವತ್ತು ಕಮ್ಮಿ. ನಾಳಿದ್ದೂ ಊಸಿ ಚುಚ್ಚೋದೈತೆ, ಅಣ್ಣಾ. ಆವಾಗ್ಲೂ ಕೇಳು."