ಕಲಕಿದ ಮುಲಾಮು

ಪಾತ್ರೆಯಲ್ಲಿ ಏನೇ ಕಂಡರೂ ಕಲಕದೆ ಬಿಡುವ ಜಾಯಮಾನ ಅತ್ತೆಯದಲ್ಲ. ರಸಾಯನ ವಿಜ್ಞಾನಿಯಾದ ಸೊಸೆ, ಪ್ರಯೋಗಾಲಯದ ಫ್ರಿಜ್ ಕೆಟ್ಟಿತೆಂದು ಗಾಜಿನ ಬಟ್ಟಲೊಂದನ್ನು ಮನೆಯ ಫ್ರಿಜ್ಜಿನಲ್ಲಿಟ್ಟದ್ದೇ ತಪ್ಪಾಯಿತು.

ಅದು ಅವಳ ಎರಡು ವರ್ಷದ ದುಡಿಮೆ. ಸೂರ್ಯಕಾಂತಿ ಎಣ್ಣೆ, ಸೋಯಾದಿಂದ ತೆಗೆದ ಜಿಡ್ಡು, ಚೂರು ನೀರು. ಹದವಾಗಿ ಬೆರೆಸಿ ಸುಮ್ಮನೆ ಬಿಟ್ಟರೆ ಜಿಡ್ಡಿನ ಕಣಗಳು ತಾವಾಗಿಯೇ ಹೆಣೆದುಕೊಂಡು ಮೆತ್ತನೆಯ ಮುದ್ದೆಯಾಗುತ್ತಿದ್ದವು. ಮುಲಾಮಿಗೆ ಪೆಟ್ರೋಲಿಯಂ ಜೆಲ್ಲಿಯ ಬದಲು ಇದನ್ನು ಬಳಸಬಹುದು, ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ ಎಂಬುದು ಅವಳ ವಾದ. ಆ ಬೆಳಿಗ್ಗೆ ಮುಲಾಮು ಕಂಪನಿಯ ಯಜಮಾನರಿಗೆ ತೋರಿಸಬೇಕಿತ್ತು.

ಹೊರಡುವ ಹೊತ್ತಿಗೆ ತೆಗೆದು ನೋಡಿದರೆ ಬಟ್ಟಲಲ್ಲಿ ತೆಳ್ಳನೆಯ ಎಣ್ಣೆ ತುಳುಕಾಡುತ್ತಿತ್ತು. ಸೊಸೆ ಒಳಗೆ ತಿರುಗಿ ಕೂಗಿದಳು.

"ಅತ್ತೆ, ಇದನ್ನ ಮುಟ್ಟಿದ್ರಾ?"

"ಮುಟ್ಟಿಲ್ಲಮ್ಮ. ಗಡ್ಡೆ ಕಟ್ಟಿತ್ತು, ಈಗಷ್ಟೇ ಚಮಚದಲ್ಲಿ ಚೆನ್ನಾಗಿ ಕಲಕಿಟ್ಟೆ."

ಸೊಸೆಯ ಕಣ್ಣು ತುಂಬಿದ್ದು ಕಂಡು ಅತ್ತೆ ಬಟ್ಟಲನ್ನು ಕೈಗೆತ್ತಿಕೊಂಡು ಚಪ್ಪಲಿ ಮೆಟ್ಟಿದರು. "ನಡಿ, ತಪ್ಪು ನನ್ನದು. ಅವರಿಗೆ ನಾನೇ ಹೇಳ್ತೀನಿ."

ಹೇಳಿದರು. ಯಜಮಾನರ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಸೊಸೆ ಊಟ ನಿದ್ದೆ ಬಿಟ್ಟು ದುಡಿದದ್ದು, ತಾವು ಹಿಂದೊಮ್ಮೆ ಪಕ್ಕದ ಮನೆಯವರ ಬಣ್ಣದ ಡಬ್ಬಿ ಕಲಕಿ ಬೈಸಿಕೊಂಡದ್ದು, ಆ ಪಕ್ಕದ ಮನೆಯವರ ಅಳಿಯನ ಗುಣ, ಒಂದನ್ನೂ ಬಿಡಲಿಲ್ಲ. ಯಜಮಾನರು ಗಡಿಯಾರ ನೋಡಿದರು, ಆಮೇಲೆ ಬಾಗಿಲು ನೋಡಿದರು. ಸೊಸೆ ನೆಲ ಬಾಯಿ ಬಿಡಬಾರದೇ ಎಂದುಕೊಂಡಳು.

ಕೊನೆಗೆ ಯಜಮಾನರು ಮಾತು ತಪ್ಪಿಸುವ ನೆವಕ್ಕೆ ಬಟ್ಟಲೆತ್ತಿ ವಾಲಿಸಿದರು. ಒಳಗಿದ್ದದ್ದು ಅಲುಗಲಿಲ್ಲ. ಬೋರಲು ಹಾಕಿದರು. ತೊಟ್ಟೂ ಬೀಳಲಿಲ್ಲ.

"ನೀರಾಗಿತ್ತು ಅಂದ್ರಲ್ಲ?"

ಸೊಸೆ ಬೆರಳಿನಿಂದ ಒತ್ತಿ ನೋಡಿದಳು. ಮುದ್ದೆ ಮೊದಲಿನ ಹಾಗೆಯೇ ಕೂತಿತ್ತು. ಕೆಟ್ಟುಹೋದೀತೆಂಬ ಭಯಕ್ಕೆ ಅವಳು ಈವರೆಗೆ ಒಮ್ಮೆಯೂ ಕಲಕಿ ನೋಡಿರಲಿಲ್ಲ.

"ಬಿಡಿಸಿದ್ರೂ ಮತ್ತೆ ತಾನೇ ಕೂಡ್ಕೊಳ್ಳುತ್ತೆ ಸಾರ್," ಎಂದಳು, ತನ್ನ ಮಾತಿಗೆ ತಾನೇ ಬೆರಗಾಗಿ.

"ಹಾಗಾದ್ರೆ ಟ್ಯೂಬಿನಿಂದ ಹಿಂಡಿದಾಗ ಸಲೀಸಾಗಿ ಬಂದು, ಗಾಯದ ಮೇಲೆ ಹರಿಯದೆ ನಿಲ್ಲುತ್ತೆ! ಎಲ್ಲಿ, ನನ್ನ ಕಣ್ಣೆದುರು ಇನ್ನೊಂದ್ಸಲ ಕಲಕಿ ನೋಡೋಣ."

ಅತ್ತೆಗೆ ಹೇಳಬೇಕೇ? ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೇಬಿಟ್ಟರು. ಮುದ್ದೆ ಮತ್ತೆ ನೀರಾಯಿತು, ಕಾಯುತ್ತ ಕೂತವರ ಎದುರೇ ಮತ್ತೆ ಗಟ್ಟಿಯಾಯಿತು. ಯಜಮಾನರು ಮುಲಾಮು ಮಾಡಲು ಒಪ್ಪಿದ್ದಲ್ಲದೆ, ಉತ್ಸಾಹ ತಡೆಯಲಾರದೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ಗೇಟಿನವರೆಗೂ ಬಂದು ಬೀಳ್ಕೊಟ್ಟರು.

ರಸ್ತೆಗೆ ಬಂದೊಡನೆ ಅತ್ತೆ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು: "ಮನುಷ್ಯ ಒಳ್ಳೆಯವರೇ ಕಣೇ. ಆದರೆ ಮಾತು ಸ್ವಲ್ಪ ಜಾಸ್ತಿ."