ಫೆಬ್ರವರಿ ಇಪ್ಪತ್ತೊಂಬತ್ತರ ಪಟ್ಟಿ

ಬಾಗಿಲಿನ ಅಂಚೆಕಿಂಡಿ ಟಪ್ ಎಂದಿತು. ರಾತ್ರಿ ಹನ್ನೆರಡಕ್ಕೆ ಇನ್ನು ಹತ್ತು ನಿಮಿಷವಿತ್ತು. ತೆಲ್ಲೆರ್ವೊ ಹಾಸಿಗೆಯಲ್ಲಿ ಎದ್ದು ಕೂತಳು. ಮೆಟ್ಟಿಲಿಳಿಯುವ ಹೆಜ್ಜೆಯ ಸದ್ದು ಪೂರ್ತಿ ಅಡಗುವವರೆಗೆ ನೆಲಕ್ಕೆ ಕಾಲಿಡಲಿಲ್ಲ. ಒಪ್ಪಿಗೆಯಾಗಿದ್ದರೆ ಅವನು ಕರೆಗಂಟೆ ಒತ್ತುತ್ತಿದ್ದ.

ಅವನು ರೈಮೊ, ತಂಪೆರೆ ನಗರದ ಚರಿತ್ರೆಯ ಸಂಘವೊಂದರ ಅಧ್ಯಕ್ಷ. ಹೆಂಡತಿ ತೀರಿಕೊಂಡು ಆರು ವರ್ಷ. ತೆಲ್ಲೆರ್ವೊ ಅದೇ ಸಂಘದ ಕಾರ್ಯದರ್ಶಿ. ಅರವತ್ತೊಂದು ವಯಸ್ಸು, ಮದುವೆಯಾಗಿರಲಿಲ್ಲ. ಆ ಮಧ್ಯಾಹ್ನ ಗ್ರಂಥಾಲಯದ ಸಭೆಯಲ್ಲಿ ಅವಳು ಬರೆದ ಪಟ್ಟಿಯನ್ನು ಅವನು ಎಲ್ಲರೆದುರು ಓದಿದ್ದ: ನಾಲ್ಕು ವರ್ಷಕ್ಕೊಮ್ಮೆ ಬರುವ ಫೆಬ್ರವರಿ ಇಪ್ಪತ್ತೊಂಬತ್ತರಂದು ನಗರದಲ್ಲಿ ಇದುವರೆಗೆ ಏನೇನು ನಡೆಯಿತು ಎಂದು.

"೧೯೪೮. ಗಿರಣಿಯ ನೇಕಾರ್ತಿ ಹೆಲ್ಮಿ ಒಬ್ಬ ಫಿಟ್ಟರನ್ನ ಮದುವೆ ಆಗ್ತೀಯಾ ಅಂತ ಕೇಳಿದ್ಲು. ಈ ದಿನ ಹೆಣ್ಣೇ ಗಂಡನ್ನ ಕೇಳಿದ್ರೆ, ಒಲ್ಲೆ ಅನ್ನೋನು ಅವಳ ಲಂಗಕ್ಕೆ ಬಟ್ಟೆ ಕೊಡಬೇಕು ಅನ್ನೋದು ಹಳೇ ನಿಯಮ ಅಲ್ವಾ? ಕೊಟ್ಟ. ಬಿಚ್ಚಿ ನೋಡಿದ್ರೆ ಅವಳೇ ನೇಯ್ದ ಬಟ್ಟೆ!"

"ಹೊಲಿಗೆ ಕೂಲಿನಾದ್ರೂ ಕೊಟ್ಟನೇನಪ್ಪಾ?" ಹಿಂದಿನ ಸಾಲಿನ ಮುದುಕನೊಬ್ಬ ಕೂಗಿದ. ಸಭೆ ಬಿದ್ದು ಬಿದ್ದು ನಕ್ಕಿತು. ತೆಲ್ಲೆರ್ವೊಳೂ ನಕ್ಕಳು. ನಗು ಬರುವ ಹಾಗೆ ಬರೆದವಳು ಅವಳೇ.

ಆಮೇಲೆ ಕೋಟುಗಳನ್ನು ತೂಗುಹಾಕುವ ಮೂಲೆಯಲ್ಲಿ ಕೇಳಿಯೇಬಿಟ್ಟಳು. "ರೈಮೊ, ನನ್ನನ್ನ ಮದುವೆ ಆಗ್ತೀಯಾ?"

ಒಂದು ಕೈಗೆ ಮಾತ್ರ ಗವಸು ಹಾಕಿಕೊಂಡಿದ್ದವನು ಹಾಗೇ ನಿಂತ. "ಏನ್ ಮಾರಾಯ್ತಿ, ಪಟ್ಟಿ ಬರೆದೂ ಬರೆದೂ ತಲೆ ಕೆಟ್ಟಿತಾ?"

"ತಲೆ ಸರಿಯಾಗೇ ಇದೆ."

"ಹಾಗಾದ್ರೆ ರಾತ್ರಿ ಹನ್ನೆರಡರ ತನಕ ಟೈಮ್ ಕೊಡು." ಅವನು ನಕ್ಕಿದ್ದ. ಆ ನಗುವಿನ ಅರ್ಥವನ್ನು ಅವಳು ಸಂಜೆಯಿಡೀ ತನಗೆ ಬೇಕಾದಂತೆ ತಿರುಗಿಸಿ ತಿರುಗಿಸಿ ನೋಡಿದ್ದಳು.

ಈಗ ಬಾಗಿಲ ಬಳಿಯ ಚಾಪೆಯ ಮೇಲೆ ಕಂದು ಕಾಗದದ ಚಪ್ಪಟೆ ಪೊಟ್ಟಣ. ಒಳಗೆ ನೀಲಿ ಚೌಕಳಿ ಬಟ್ಟೆ. ಅವಳಿಗೆ ಗುರುತು ಸಿಕ್ಕಿತು: ಸಂಘದ ಕೋಣೆಯ ಪರದೆಯದು. ಕಳೆದ ಶರತ್ಕಾಲದಲ್ಲಿ ಪರದೆ ಹೊಲಿದವಳು ಅವಳು, ಉಳಿದ ತುಂಡನ್ನು ಮಡಿಸಿ ಬೀರುವಿನಲ್ಲಿಟ್ಟವಳೂ ಅವಳೇ. ಲಂಗಕ್ಕೂ ಸಾಲದು. ಮೇಲೊಂದು ಚೀಟಿ: "ನಿಯಮ ಅಂದ್ರೆ ನಿಯಮ! ಒಳ್ಳೇ ತಮಾಷೆ ಮಾಡಿದೆ. ಯಾರಿಗೂ ಹೇಳಿಲ್ಲ. ಪಟ್ಟಿಗೆ ನೀನೇ ಸೇರಿಸು, ನಿನ್ನ ಹಾಗೆ ನಗಿಸೋಕೆ ನನಗೆ ಬರಲ್ಲ."

ಅವಳು ಕಂಪ್ಯೂಟರ್ ತೆರೆದಳು. ಬೆಳಿಗ್ಗೆ ಅವಳು ೨೦೨೪ರ ಮುಂದೆ ಜಾಗ ಖಾಲಿ ಬಿಟ್ಟಿದ್ದಳು. ಅದಕ್ಕಿಂತ ಎಷ್ಟೋ ಸಾಲು ಮೇಲೆ ಹೆಲ್ಮಿ ಇದ್ದಳು. ಹೆಲ್ಮಿ ಯಾರೋ ಒಬ್ಬರ ಹತ್ತಿರ ಬಾಯಿ ಬಿಟ್ಟಿರಬೇಕು. ಊರು ಎಪ್ಪತ್ತಾರು ವರ್ಷ ನಗುವುದಕ್ಕೆ ಅಷ್ಟು ಸಾಕಾಗಿತ್ತು. ತೆಲ್ಲೆರ್ವೊ ಮೊದಲು ಹೆಲ್ಮಿಯ ಸಾಲನ್ನು ಅಳಿಸಿದಳು. ಆಮೇಲೆ ಖಾಲಿ ಜಾಗದಲ್ಲಿ ಬರೆದಳು: "ವಿಶೇಷವೇನೂ ನಡೆಯಲಿಲ್ಲ."

ಪಟ್ಟಿಗೆ ಯಾಕೆ ಸೇರಿಸಲಿಲ್ಲವೆಂದು ನಾಳೆ ಅವನು ಕೇಳಿದರೂ ಅಷ್ಟೇ. ಇದನ್ನು ಯಾರಿಗೂ ಹೇಳುವುದಿಲ್ಲವೆಂದುಕೊಂಡು ಅವಳು ಬಟ್ಟೆಯನ್ನು ಹಳೆಯ ಮಡಿಕೆಯ ಗುರುತಿನಲ್ಲೇ ಮತ್ತೆ ಮಡಿಸಿದಳು.