ಎಂಟು ಹಾಡಿನ ಬಣ್ಣ

ನಮ್ಮಕ್ಕನಿಗೆ ಗಡಿಯಾರ ಕಂಡರಾಗದು. ಅವಳ ಬ್ಯೂಟಿಪಾರ್ಲರಿನಲ್ಲಿ ಮೂರು ಕನ್ನಡಿ, ಎರಡು ಕುರ್ಚಿ, ತಲೆ ತೊಳೆಯುವ ಬೇಸಿನ್ ಎಲ್ಲ ಇವೆ. ಗಡಿಯಾರ ಮಾತ್ರ ಇಲ್ಲ. "ಗಡಿಯಾರ ನೋಡ್ತಾ ಕೂತ್ರೆ ಕೂದಲು ನೋಡೋರ್ಯಾರು?" ಎನ್ನುತ್ತಾಳೆ. ಅವಳ ಹೊತ್ತೆಲ್ಲ ಹಾಡಿನ ಲೆಕ್ಕ. ಹುಬ್ಬು ತಿದ್ದಲು ಎರಡು ಹಾಡು, ಫೇಶಿಯಲ್ಲಿಗೆ ಆರು, ತಲೆಗೆ ಬಣ್ಣ ಹಚ್ಚಿದರೆ ಎಂಟು. ಎಂಟು ಮುಗಿದರೆ ತೊಳೆಯಬೇಕು.

ಹಾಡುತ್ತಿದ್ದುದು ಹೆಬ್ಬೆರಳುದ್ದದ ಒಂದು ಪ್ಲೇಯರ್. ಪಾರ್ಲರ್ ತೆರೆದ ದಿನ ನಾನೇ ಕೊಟ್ಟಿದ್ದು. ಆಗ ನನಗೆ ಹದಿನಾರು. ತುಂಬಿದ್ದು ಎಂಟೇ, ಎಲ್ಲ ನನಗೆ ಹುಚ್ಚು ಹಿಡಿಸಿದ್ದ ಪಾಪ್ ಹಾಡುಗಳು. ಅವುಗಳ ಭಾಷೆ ನಮ್ಮಿಬ್ಬರಿಗೂ ಬಾರದು. ಬರದಿದ್ದರೇನಂತೆ! ಮೂರನೆಯ ಹಾಡಿನಲ್ಲಿ ಡ್ರಮ್ ನಿಂತು, ಆ ಹುಡುಗಿ ಒಬ್ಬಳೇ ಉಸಿರೆಳೆದುಕೊಂಡು ಮೇಲೇರುತ್ತಾಳಲ್ಲ, ಅಬ್ಬಬ್ಬಾ! ಅದಕ್ಕೆ ತಲೆದೂಗದವರ ತಲೆಗೆ ಬಣ್ಣ ಯಾಕೆ ಹಚ್ಚಬೇಕು ಹೇಳಿ.

ಹದಿನೈದು ವರ್ಷ ದುಡಿದ ಆ ಪ್ಲೇಯರ್ ಮೊನ್ನೆ ಶುಕ್ರವಾರ ಕಣ್ಣುಮುಚ್ಚಿತು. ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನನ್ನು ಅಕ್ಕ ಕೂಗಿ ಕರೆದಳು. ನಾನು ಬಿಚ್ಚಿ ನೋಡಿದೆ, ಊದಿದೆ, ಬೈದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಪೋಸ್ಟ್ ಮೇಡಂ ಒಳಗೆ ಬಂದರು. ಮೂವತ್ತೈದು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವರು. ಅವತ್ತು ಸಂಜೆಯೇ ಅವರ ಬೀಳ್ಕೊಡುಗೆ.

"ಇಷ್ಟು ವರ್ಷ ಎಲ್ಲರೂ ನನ್ನನ್ನ ಕಿಟಕಿ ಅಗಲಕ್ಕೆ ಮಾತ್ರ ನೋಡಿರೋದು. ಇವತ್ತು ಸ್ಟೇಜ್ ಮೇಲೆ ಪೂರ್ತಿ ಕಾಣ್ತೀನಿ. ಒಂದು ಬಿಳಿ ಕೂದಲೂ ಇಣುಕಬಾರದಮ್ಮಾ."

ಅಕ್ಕನ ಮುಖ ಸಣ್ಣಗಾಯಿತು. "ಹಾಡಿಲ್ದೆ ನನ್ನ ಕೈ ಓಡಲ್ಲ ಕಣೇ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ನಾನು ಬಿಡುವವಳೇ? ಆ ಹಾಡುಗಳ ಪ್ರತಿ ನನ್ನ ಹತ್ತಿರ ಜೋಪಾನವಾಗಿತ್ತು. ನನ್ನ ಹೊಸ ಫೋನಿಗೆ ಸುರಿದು, ಕಿತ್ತಳೆ ಗಾತ್ರದ ಸ್ಪೀಕರಿಗೆ ಜೋಡಿಸಿದೆ. ಏನು ದನಿ ಅಂತೀರಿ! ಹಾಡಿನ ಹಿಂದೆ ಯಾರೋ ಚಿಟಿಕೆ ಹೊಡೆಯುವುದೂ ಕೇಳಿಸಿತು.

"ಅಯ್ಯೋ, ಈ ಚಿಟಿಕೆ ಇಷ್ಟು ವರ್ಷ ಎಲ್ಲಿ ಅಡಗಿತ್ತೇ?" ಅಕ್ಕನ ಕಣ್ಣರಳಿತು. ನಾನೇ ಹಾಡಿದವಳಂತೆ ಉಬ್ಬಿಹೋದೆ.

ಬಣ್ಣ ಹಚ್ಚಿದ್ದಾಯಿತು. ಹಾಡುಗಳು ಒಂದಾದ ಮೇಲೊಂದು ಬಂದು ಹೋದವು. ಸ್ಪೀಕರ್ ಸುಮ್ಮನಾದೊಡನೆ ನಾನು ಮೇಡಂ ತಲೆಯನ್ನು ಬೇಸಿನ್ನಿಗೆ ಒರಗಿಸಿ ನಲ್ಲಿಗೆ ಕೈ ಹಾಕಿದೆ.

"ತಡಿಯೇ!" ಅಕ್ಕ ಓಡಿಬಂದು ಒಂದೆಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಬುಡ ಇನ್ನೂ ಬೆಳ್ಳಗಿತ್ತು. "ಏಳೇ ಆಗಿರೋದು. ಕೊನೇಲಿ ಡ್ರಮ್ ಹುಡುಗಿ ಇನ್ನೊಂದ್ಸಲ ಬರಬೇಕು. ಬರಲೇ ಇಲ್ವಲ್ಲ?"

ಫೋನಿನ ಪಟ್ಟಿ ತೆರೆದು ಎಣಿಸಿದೆ. ಒಂದೇ ಹಾಡು ಎರಡು ಕಡೆ ಇದೆಯೆಂದು ಫೋನ್ ಮಹಾ ಜಾಣನಂತೆ ಒಂದನ್ನು ಕಿತ್ತುಹಾಕಿತ್ತು.

"ಅಕ್ಕಾ, ಅದು ಎರಡು ಸಲ ಇದ್ದದ್ದೇ ತಪ್ಪು. ಅವತ್ತು ಅವಸರದಲ್ಲಿ ನಾನೇ ಹಾಗೆ ಹಾಕ್ಬಿಟ್ಟಿದ್ದೆ."

"ಗೊತ್ತಿತ್ತು ಕಣೇ. ನೀನು ಹಾಕಿದ್ದು, ತೆಗೆಯೋಕೆ ಮನಸ್ಸಾಗಲಿಲ್ಲ. ಅದನ್ನೂ ಸೇರಿಸ್ಕೊಂಡೇ ಕೆಲಸ ಕಲಿತೆ."

ಹದಿನೈದು ವರ್ಷದಿಂದ ಈ ಬೀದಿಯ ಅಷ್ಟೂ ಕಪ್ಪು ತಲೆಗಳು ನನ್ನ ತಪ್ಪಿನ ಲೆಕ್ಕದಲ್ಲೇ ಕಪ್ಪಾಗಿದ್ದವು.

ನಾನು ಫೋನ್ ತಡಕುವಷ್ಟರಲ್ಲಿ ಅಕ್ಕ ತಾನೇ ಹಾಡಲು ಶುರುಮಾಡಿದ್ದಳು. ಮಾತುಗಳು ಬಾಯಿಗೆ ಬಂದಂತೆ. ರಾಗ ಮಾತ್ರ ಒಂದಿಷ್ಟೂ ಆಚೀಚೆ ಇಲ್ಲ. ಡ್ರಮ್ ನಿಲ್ಲುವ ಜಾಗದಲ್ಲಿ ನಿಂತಳು, ಉಸಿರೆಳೆದುಕೊಂಡಳು, ಮೇಲೇರಿದಳು. ಬೇಸಿನ್ನಿಗೆ ಒರಗಿದ್ದ ಪೋಸ್ಟ್ ಮೇಡಂ ಕೂಡ ಕಣ್ಣುಮುಚ್ಚಿಕೊಂಡು ಜೊತೆಗೇ ಏರಿದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಹಾಡು ಮುಗಿಯಿತು. ಅಕ್ಕ ನಲ್ಲಿ ತಿರುಗಿಸಿದಳು.

ಸಂಜೆ ಮೇಡಂ ಸ್ಟೇಜಿನ ಫೋಟೊ ಕಳಿಸಿದರು. ದೊಡ್ಡದು ಮಾಡಿ, ಮಾಡಿ ಹುಡುಕಿದೆವು. ಒಂದು ಬಿಳಿ ಎಳೆಯೂ ಸಿಗಲಿಲ್ಲ.

ಆಮೇಲೆ ನಾನು ಮೂರನೆಯ ಹಾಡನ್ನು ಕೊನೆಗೆ ಮತ್ತೆ ಸೇರಿಸಲು ಕೂತೆ. "ಈ ಹಾಡು ಪಟ್ಟಿಯಲ್ಲಿ ಈಗಾಗಲೇ ಇದೆ. ಮತ್ತೆ ಸೇರಿಸಬೇಕೇ?" ಎಂದು ಫೋನ್ ಕೇಳಿತು.

"ನಿನಗೇನು ಗೊತ್ತು, ಸುಮ್ನಿರು," ಎಂದು ಗದರಿ, ಹೌದು ಒತ್ತಿದೆ.